ಬಚ್ಚಲುಮನೆಗೆ ನಾನು ಮಾಡಿದ ಉಪಕಾರ

ಕೆಟ್ಟದ್ದು ಮಾಡಲು ಹೊರಟವರನ್ನು ತಡೆಯಲು ಪೊಲೀಸರಿದ್ದಾರೆ, ಕೋರ್ಟಿದೆ, ಏನೂ ಇಲ್ಲದಿದ್ದರೆ ಪಕ್ಕದ ಮನೆಯವರಿದ್ದಾರೆ. ಒಳ್ಳೆಯದು ಮಾಡಲು ಹೊರಟವಳನ್ನು ತಡೆಯುವವರು ಯಾರೂ ಇಲ್ಲ. ಹಾಗಾಗಿ ಇಂಥವು ನನ್ನ ಬಾಳಿನಲ್ಲಿ ನಡೆಯುತ್ತಲೇ ಇರುತ್ತವೆ.

ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಹೊರದೇಶದ ಪ್ರವಾಸಿಗಳನ್ನು ಗುಂಪುಗುಂಪಾಗಿ ಕರೆದುಕೊಂಡು ಹೋಗಿ ಊರು ತೋರಿಸುವುದು ನನ್ನ ಹೊಟ್ಟೆಪಾಡು. ಕಠ್ಮಂಡುವಿನಲ್ಲಿ ಒಂದು ವರ್ಷ, ಕೈರೋದಲ್ಲಿ ಎರಡು, ನಡುವೆ ಎಲ್ಲೆಲ್ಲೋ ಆರಾರು ತಿಂಗಳು. ಎಲ್ಲಿಯೂ ಮೂರನೆಯ ಮಳೆಗಾಲ ಕಂಡವಳಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕಂಪನಿಯವರು ನನಗೆ ಬೇಲೂರು, ಹಳೇಬೀಡು ವಹಿಸಿದರು. ಗುಂಪು ಅರಸೀಕೆರೆಯಲ್ಲಿ ರೈಲು ಇಳಿದು ಬೇಲೂರಿನಲ್ಲಿ ತಂಗುತ್ತಿತ್ತು. ನಾನು ಹಳೇಬೀಡಿನಲ್ಲಿ, ಬಸ್ತಿಹಳ್ಳಿಗೆ ಹೋಗುವ ದಾರಿಯ ಒಂದು ಮನೆಯಲ್ಲಿ ಮುಂದಿನ ಕೋಣೆ ಹಿಡಿದಿದ್ದೆ.

ಮನೆಯೊಡತಿಗೆ ಎರಡು ಹಸು, ಒಬ್ಬ ಗಂಡ, ಒಬ್ಬಳೇ ಮಗಳು. ಗಂಡ ಗಾರೆ ಮೇಸ್ತ್ರಿ. ಊರಿನ ಅರ್ಧ ಬಚ್ಚಲುಮನೆಗಳು ಅವರ ಕೈಯವೇ. ಅವರ ಮನೆಗೆ ಮಾತ್ರ ಬಚ್ಚಲುಮನೆ ಇರಲಿಲ್ಲ. ಹಿತ್ತಲಲ್ಲಿ ಮೂರು ಕಡೆ ತೆಂಗಿನಗರಿಯ ತಡಿಕೆ, ನಾಲ್ಕನೆಯ ಕಡೆ ಕೆರೆ, ನಡುವೆ ನಿಂತು ನೀರು ಹಾಕಿಕೊಳ್ಳಲು ಒಂದು ಅಗಲವಾದ ಕಲ್ಲು. ಇಷ್ಟೇ.

೧. ಆನೆ ಎದ್ದದ್ದು

ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದರು. ಅವಳು ಬಸುರಾಗಿ ಐದು ತಿಂಗಳಾದಾಗ ಬೀಗಿತ್ತಿ ಹಳೇಬೀಡಿಗೆ ಬಂದರು. ಕೋಡುಬಳೆ ತಿಂದರು, ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡರು, ಸುತ್ತಲೂ ಒಮ್ಮೆ ನೋಡಿದರು, ಒಳಗೆ ಬಂದು ಹೇಳಿದರು.

"ತಪ್ಪು ತಿಳ್ಕೋಬೇಡಿ ಅತ್ತಿಗೆಮ್ಮ. ಹಸೀ ಬಾಣಂತಿ ಕೆರೆ ಗಾಳೀಲಿ ಎಣ್ಣೆನೀರು ಹಾಕ್ಕೊಳ್ಳೋಕಾಗಲ್ಲ. ಒಂದು ಬಚ್ಚಲುಮನೆ ಕಟ್ಸಿ. ಕಟ್ಸಿದ ದಿನವೇ ಕಳಿಸ್ತೀನಿ. ಇಲ್ಲಾಂದ್ರೆ ಬಾಣಂತನ ನಮ್ಮನೇಲೇ ಆಗೋಗ್ಲಿ."

ಚೊಚ್ಚಲ ಬಾಣಂತನ ತವರಿನಲ್ಲಿ ಆಗದಿದ್ದರೆ ತಾಯಿಯಾದವಳು ಬೀದಿಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ನಮ್ಮ ಮನೆಯೊಡತಿ ಅಷ್ಟು ಹೊತ್ತಿಗೆ ಒಂದು ಡಬ್ಬಿ ತುಪ್ಪ ಕಾಯಿಸಿ ಅಟ್ಟದ ಮೇಲಿಟ್ಟಿದ್ದಳು. ಹಂಡೆಗೆ ಹುಣಸೇಹುಳಿ ಹಚ್ಚಿ ಬೆಳಗಿಟ್ಟಿದ್ದಳು. ಬಾಣಂತಿ ಖಾರಕ್ಕೆ ಮೆಣಸು ಆರಿಸಿಯೂ ಆಗಿತ್ತು. ಬೀಗಿತ್ತಿ ಬಸ್ಸು ಹತ್ತುವುದೇ ತಡ, ಗಂಡನ ಕೈಗೆ ಹಾರೆ ಕೊಟ್ಟಳು.

"ನಾಕು ದಿನದ ಕೆಲ್ಸ," ಎಂದರು ಮೇಸ್ತ್ರಿ. ಅವರು ಒಂದು ದಿನಕ್ಕೆ ಆಡುವ ಮಾತು ಸುಮಾರು ಅಷ್ಟೇ.

ಮೊದಲಿಗೆ ಸ್ನಾನದ ಕಲ್ಲನ್ನು ಎತ್ತಿ ತಡಿಕೆಯ ಆಚೆಗೆ ಮಗುಚಿದರು. ಅಡಿಯಲ್ಲಿ ಆನೆಗಳಿದ್ದವು. ಐದು ಆನೆ, ಒಂದರ ಬಾಲಕ್ಕೆ ಇನ್ನೊಂದರ ಸೊಂಡಿಲು, ನಿನ್ನೆ ಕೆತ್ತಿದ ಹಾಗೆ. ನಾನು ಬೆರಗಾಗಿ ನಿಂತೆ. ಅವರಿಬ್ಬರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಆ ಬೀದಿಯಲ್ಲಿ ಬಟ್ಟೆ ಒಗೆಯುವ ಕಲ್ಲು, ಕಲಗಚ್ಚಿನ ಬಾನಿ ಇಡುವ ಕಲ್ಲು, ಹೊಸ್ತಿಲ ಮುಂದಿನ ಮೆಟ್ಟಿಲು, ಯಾವುದನ್ನು ಮಗುಚಿದರೂ ಒಂದು ಕುದುರೆಯೋ ಹಂಸವೋ ಇರುತ್ತಿತ್ತು. ಹಾಗಾಗಿಯೇ ಯಾರೂ ಮಗುಚುತ್ತಿರಲಿಲ್ಲ.

ಮೇಸ್ತ್ರಿ ಅದನ್ನು ಮತ್ತೆ ಬೋರಲು ಮಾಡಲು ಹಾರೆ ಕೊಟ್ಟರು. ನಾನು ಹಾರೆ ಹಿಡಿದುಕೊಂಡೆ.

"ಇದು ದೇಶದ ಆಸ್ತಿ. ಕಚೇರಿಗೆ ತಿಳಿಸಿದರೆ ತಗೊಂಡುಹೋಗಿ ಭದ್ರವಾಗಿ ಇಡ್ತಾರೆ, ನಿಮಗೂ ಒಳ್ಳೇ ಹೆಸರು. ಅರ್ಜಿ ನಾನೇ ಬರೀತೀನಿ."

ಬರೆದೆ. ಎಂಟೇ ದಿನಕ್ಕೆ ಸ್ಮಾರಕಗಳ ಕಚೇರಿಯಿಂದ ಒಬ್ಬ ಎಳೆಯ ಅಧಿಕಾರಿ ಬಂದರು. ಕನ್ನಡಕ, ನಯವಾದ ಮಾತು, ನಿಜವಾದ ಸಂತೋಷ. ಆನೆಗಳ ಮೇಲಿನ ಮಣ್ಣನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ಆಮೇಲೆ ಹಿತ್ತಲಿನ ಸುತ್ತ ಸುಣ್ಣದ ಗೆರೆ ಎಳೆಸಿದರು.

"ಇದರ ಕೆಳಗೆ ಇಡೀ ದೇವಾಲಯವೇ ಇರಬಹುದು. ಪರಿಶೀಲನೆ ಮುಗಿಯುವವರೆಗೆ ದಯವಿಟ್ಟು ಇಲ್ಲಿ ಅಗೆಯಬೇಡಿ, ಏನನ್ನೂ ಕಟ್ಟಬೇಡಿ."

ಅವರು ಹೋದ ಮೇಲೆ ಮನೆಯೊಡತಿ ಗೆರೆಯ ಈಚೆ ನಿಂತು ಆನೆಗಳನ್ನೇ ನೋಡಿದಳು.

"ಮೂರು ತಲೆಮಾರಿಂದ ಸುಮ್ಕೆ ಮಲಗಿದ್ವು ಮೇಡಮ್ಮ," ಎಂದಳು. "ನೀವು ಎಬ್ಬಿಸಿದ್ರಿ."

೨. ಶಾಲು

ಅಧಿಕಾರಿ ಒಳ್ಳೆಯವರು. ಒಬ್ಬ ಹೆಂಗಸು ತಾನಾಗಿ ಕಲ್ಲು ಒಪ್ಪಿಸಿದ್ದು ಅವರ ಮನಸ್ಸಿಗೆ ಬಹಳ ನಾಟಿತ್ತು. ಇಂಥವರನ್ನು ಮೆರೆಸಿದರೆ ಉಳಿದವರೂ ಮುಂದೆ ಬರುತ್ತಾರೆ ಎಂದು ಬೇಲೂರಿನಲ್ಲಿ ಸಭೆ ಮಾಡಿಸಿ ಮನೆಯೊಡತಿಗೆ ಶಾಲು ಹೊದೆಸಿದರು. ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಅಭಿನಂದನಾ ಪತ್ರ ಎಲ್ಲ ಆಯಿತು. "ಇವರ ಬೀದಿಯ ಪ್ರತಿಯೊಂದು ಮನೆಯೂ ಇವರಂತೆ ಆಗಲಿ," ಎಂದು ಮೈಕಿನಲ್ಲಿ ಹೇಳಿದರು.

ಬೀದಿ ಕೇಳಿಸಿಕೊಂಡಿತು. ಮಾರನೆಯ ದಿನ ಊಟದ ಹೊತ್ತಿಗೆ ಹಿತ್ತಲು ಹಿತ್ತಲಿನಿಂದ ಕಲ್ಲು ಉರುಳುವ ಸದ್ದು. ಎತ್ತಿನ ಗಾಡಿಯಲ್ಲಿ, ಗೋಣಿಚೀಲದಲ್ಲಿ, ಇಬ್ಬಿಬ್ಬರು ಹೊತ್ತುಕೊಂಡು, ನಾಲ್ಕು ದಿನದಲ್ಲಿ ಬೀದಿಯ ಕಲ್ಲುಗಳೆಲ್ಲ ಕೆರೆಗೆ ಹೋದವು. ಬಟ್ಟೆ ಒಗೆಯಲು ಕಲ್ಲಿಲ್ಲದೆ ಹೆಂಗಸರೂ ಅವುಗಳ ಹಿಂದೆಯೇ ಕೆರೆಗೆ ಹೋದರು. ತಮ್ಮ ತಮ್ಮ ಕಲ್ಲು ಯಾವುದು ಅಂತ ನೀರಲ್ಲೇ ಗುರುತು ಹಿಡಿದು, ಅದರ ಮೇಲೇ ಒಗೆದರು. ಮುಂಚೆ ಹಿತ್ತಲಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಅರ್ಧ ಮೈಲಿ ನಡೆಯಬೇಕು. ದಾರಿಯಲ್ಲಿ ನಮ್ಮ ಮನೆ ಸಿಗುತ್ತದೆ. ಬಕೆಟ್ಟು ಹೊತ್ತ ಒಬ್ಬೊಬ್ಬಳೂ ನಮ್ಮ ಜಗಲಿಯ ಮುಂದೆ ನಿಂತು, "ಶಾಲು ಬೆಚ್ಚಗೈತೇನಮ್ಮಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು.

ತಿಂಗಳ ಕೊನೆಗೆ ಅಧಿಕಾರಿ ಮನೆಮನೆ ಸರ್ವೆ ಮಾಡಿಸಿದರು. ಕೆತ್ತನೆಯ ಒಂದು ಚೂರೂ ಸಿಗಲಿಲ್ಲ. "ಸನ್ಮಾನದ ಪರಿಣಾಮವಾಗಿ ಈ ಬೀದಿಯಲ್ಲಿ ಅನಧಿಕೃತ ಶಿಲ್ಪಗಳು ಸಂಪೂರ್ಣ ಇಲ್ಲವಾಗಿವೆ" ಎಂದು ವರದಿ ಬರೆದರು. ಪಾಪ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಶಾಲು ಮಾತ್ರ ಉಪಯೋಗಕ್ಕೆ ಬಂತು. ತಡಿಕೆಯ ನಾಲ್ಕನೆಯ ಕಡೆಗೆ, ಕೆರೆ ಕಾಣದ ಹಾಗೆ, ಮನೆಯೊಡತಿ ಅದನ್ನು ಕಟ್ಟಿದಳು.

೩. ಒಂದು ಫೋಟೋ

ಬೇಲೂರಿನ ಇನ್ನೊಂದು ಕಚೇರಿಯಲ್ಲಿ ಒಬ್ಬ ಗುಮಾಸ್ತರಿದ್ದರು. ನಮ್ಮ ಕಥೆ ಕೇಳಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರ ಮನೆಯಲ್ಲೂ ಒಬ್ಬ ಬಸುರಿ ಮಗಳಿದ್ದಳು.

"ಹೊಸದಾಗಿ ಕಟ್ಟೋಕೆ ಅನುಮತಿ ಸಿಗಲ್ಲ ಕಣಮ್ಮ," ಎಂದು ದನಿ ತಗ್ಗಿಸಿದರು. "ಆದ್ರೆ ಇದ್ದ ಬಚ್ಚಲನ್ನ ರಿಪೇರಿ ಮಾಡ್ಕೋಬಹುದು. ಅಲ್ಲಿ ಬಚ್ಚಲು ಇತ್ತು ಅನ್ನೋದಕ್ಕೆ ಒಂದು ಫೋಟೋ ತಂದ್ಕೊಡಿ, ಉಳಿದದ್ದು ನಾನು ನೋಡ್ಕೋತೀನಿ."

ನನ್ನ ಹತ್ತಿರ ಫೋಟೋ ಇತ್ತು. ಹಿಂದಿನ ವರ್ಷ ನನ್ನ ಗುಂಪಿನ ಒಬ್ಬ ಜರ್ಮನ್ ಹೆಂಗಸು ಹಿತ್ತಲಿಗೇ ಬಂದು, ಮನೆಯೊಡತಿ ಹಸು ಹಿಡಿದುಕೊಂಡು ತಡಿಕೆಯ ಮುಂದೆ ನಿಂತಿದ್ದನ್ನು ತೆಗೆದಿದ್ದಳು. ಒಳ್ಳೆಯ ಕ್ಯಾಮೆರಾ, ದೊಡ್ಡ ಪ್ರಿಂಟು, ಹಸುವಿನ ರೆಪ್ಪೆಯ ಕೂದಲೂ ಎಣಿಸಬಹುದಿತ್ತು. ಲಕೋಟೆಗೆ ಹಾಕಿ ಕೊಟ್ಟುಬಂದೆ.

ಫೋಟೋ ಗುಮಾಸ್ತರಿಂದ ಕಡತಕ್ಕೆ, ಕಡತದಿಂದ ನಮ್ಮ ಅಧಿಕಾರಿಯ ಮೇಜಿಗೆ ಹೋಯಿತು. ಅವರು ಬಚ್ಚಲನ್ನು ನೋಡಲಿಲ್ಲ. ಹಸುವಿನ ಬೆನ್ನಿನ ಮೇಲೆ, ಪಕ್ಕದ ಮನೆಯ ಕೊಟ್ಟಿಗೆಯ ಗೋಡೆಯಲ್ಲಿ, ತಲೆಕೆಳಗಾಗಿ ಕೂತಿದ್ದ ಒಂದು ಸಿಂಹದ ಮುಖ ನೋಡಿದರು. ಗೋಡೆಯೊಳಗಿನ ಕಲ್ಲು, ಕೆರೆಗೆ ಹಾಕಲು ಆಗಿರಲಿಲ್ಲ. ಆ ವಾರವೇ ಸುಣ್ಣದ ಗೆರೆ ಬೇಲಿ ದಾಟಿ ಕೊಟ್ಟಿಗೆಯನ್ನು ಸುತ್ತಿಕೊಂಡಿತು.

ಪಕ್ಕದ ಮನೆಯಾಕೆ ನಮ್ಮ ಜೊತೆ ಮಾತು ಬಿಟ್ಟಳು. ಬಿಡುವ ಮುಂಚೆ ಬೇಲಿಯ ಮೇಲಿಂದ ಒಂದು ಮಾತು ಆಡಿದಳು.

"ನಿಮ್ಮ ಮೇಡಮ್ಮನಿಗೆ ಹೇಳೇ, ಇನ್ನೊಂದು ಪಟ ಕೊಡಕ್ಕೆ. ಮಾದಿಹಳ್ಳಿ ಗಂಟ ಸುಣ್ಣ ಹಾಕ್ಕೊಂಡು ಹೋಗ್ಲಿ."

೪. ಕಾವಲು

ಇಷ್ಟಾದ ಮೇಲೆ ಕಲ್ಲಿಗೆ ಏನಾದರೂ ಆದೀತು ಎಂದು ಅಧಿಕಾರಿಗೆ ಆತಂಕವಾಯಿತು. ಅದನ್ನು ಸಾಗಿಸುವ ಲಾರಿ ಬರುವವರೆಗೆ ಒಬ್ಬ ಕಾವಲುಗಾರನನ್ನು ಹಾಕಿದರು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಹಿತ್ತಲಲ್ಲಿ, ಆನೆಗಳ ಮುಂದೆ, ಕುರ್ಚಿ ಹಾಕಿಕೊಂಡು ಕೂರುವುದು ಅವನ ಕೆಲಸ. ಅಂದರೆ ನಮ್ಮ ತಡಿಕೆಯಿಂದ ಆರು ಅಡಿ ದೂರ.

ಆತ ಮಾನಸ್ಥ. ಮೊದಲ ದಿನವೇ ಮನೆಯೊಡತಿಗೆ ಸಮಾಧಾನ ಹೇಳಿದ.

"ಅಕ್ಕಾ, ನನ್ನ ಡ್ಯೂಟಿ ಕಲ್ಲು ನೋಡೋದು. ಇನ್ನೇನೂ ನಾನು ನೋಡಕ್ಕಿಲ್ಲ."

"ಕಣ್ಣು ನಿಂದು, ಡ್ಯೂಟಿ ಸರ್ಕಾರದ್ದು. ಎರಡೂ ಯಾವಾಗ ಎತ್ತ ತಿರುಗ್ತವೋ ಯಾರಿಗೆ ಗೊತ್ತು," ಎಂದಳು ಮನೆಯೊಡತಿ.

ಆತ ಯೋಚಿಸಿ ಒಂದು ದಾರಿ ಕಂಡುಕೊಂಡ. ಯಾರಾದರೂ ಸ್ನಾನಕ್ಕೆ ಬಂದರೆ ಎದ್ದು, ಬೆನ್ನು ತಿರುಗಿಸಿ, ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ನಿಲ್ಲುತ್ತಿದ್ದ. ಬೀದಿಯವರಿಗೆ ಇದರಿಂದ ಬಹಳ ಅನುಕೂಲವಾಯಿತು. ಬಿರುಬಿಸಿಲಲ್ಲಿ, ಮಳೆಯಿಲ್ಲದ ದಿನ, ಹಿತ್ತಲಲ್ಲಿ ಕೊಡೆ ಬಿಚ್ಚಿತೆಂದರೆ ನಮ್ಮ ಮನೆಯಲ್ಲಿ ಯಾರೋ ಸ್ನಾನಕ್ಕೆ ಇಳಿದಿದ್ದಾರೆ ಎಂದು ಬಸ್‌ಸ್ಟಾಪಿನವರೆಗೂ ಗೊತ್ತಾಗುತ್ತಿತ್ತು.

೫. ದೇವರ ತಲೆಯ ಮೇಲೆ

ಮಗಳಿಗೆ ಏಳು ತುಂಬಿತು. ಮನೆಯೊಡತಿ ಎಸ್‌ಟಿಡಿ ಬೂತಿನಿಂದ ಅರಸೀಕೆರೆಗೆ ಫೋನು ಮಾಡಿದರೆ ಬೀಗಿತ್ತಿ ಕೇಳುವುದು ಒಂದೇ: "ಬಚ್ಚಲು ಎದ್ದಿತಾ?" ಇವಳು "ಕೇಳಿಸ್ತಿಲ್ಲ, ಕೇಳಿಸ್ತಿಲ್ಲ" ಎಂದು ಇಟ್ಟುಬಿಡುತ್ತಿದ್ದಳು. ನೋಡಲಾರದೆ ನಾನೇ ಹೊರಟೆ. ಹೇಗೂ ಒಂದು ಗುಂಪನ್ನು ಎದುರುಗೊಳ್ಳಲು ಅರಸೀಕೆರೆಗೆ ಹೋಗಬೇಕಿತ್ತು. ರೈಲು ಎರಡು ಗಂಟೆ ತಡ. ಬೀಗಿತ್ತಿಯ ಮನೆ ಸ್ಟೇಷನ್ನಿನ ಹಿಂದೆಯೇ.

ಕಾಫಿ ಕೊಟ್ಟರು. ನಾನು ಹತ್ತು ದೇಶದ ಹೋಟೆಲಿನವರನ್ನು ಮಾತಿನಲ್ಲೇ ಒಲಿಸಿದವಳು, ಒಬ್ಬ ಬೀಗಿತ್ತಿ ಯಾವ ಲೆಕ್ಕ ಅಂದುಕೊಂಡೆ. ವಿಳಂಬ ಅಸಡ್ಡೆಯಿಂದಲ್ಲ, ಗೌರವದಿಂದ ಆದದ್ದು ಎಂದು ಬಿಡಿಸಿ ಹೇಳಿದೆ. ಸನ್ಮಾನ ಹೇಳಿದೆ, ಶಾಲು ಹೇಳಿದೆ (ಎಲ್ಲಿ ಕಟ್ಟಿದ್ದಾರೆ ಅನ್ನುವುದನ್ನು ಹೇಳಲಿಲ್ಲ). ಕೊನೆಗೆ ದೊಡ್ಡದನ್ನು ಹೇಳಿದೆ: "ಆ ಹಿತ್ತಲ ಕೆಳಗೆ ಒಂದು ದೇವಸ್ಥಾನವೇ ಇರಬಹುದು ಅಂತಿದ್ದಾರೆ."

ಬೀಗಿತ್ತಿ ಲೋಟ ಕೆಳಗಿಟ್ಟರು.

"ದೇವಸ್ಥಾನನಾ? ಯಾವ ದೇವ್ರು?"

"ಅದು ಗೊತ್ತಾಗಿಲ್ಲ. ಶಿವ ಇರಬಹುದು, ಜಿನ ಇರಬಹುದು."

"ಯಾರಾದ್ರೂ ಆಗ್ಲಿ. ಹೆತ್ತ ಮನೆಗೆ ಹನ್ನೊಂದು ದಿನ ಪುರುಡು. ಪೂಜೆ ಇಲ್ಲ, ದೀಪ ಇಲ್ಲ, ದೇವರಮನೆ ಬಾಗ್ಲೇ ತೆಗೆಯಲ್ಲ ನಾವು. ಅಂಥದ್ರಲ್ಲಿ ದೇವರ ತಲೆ ಮೇಲೇ ಬಾಣಂತಿ ಮಲಗಿಸಿ, ಅವಳು ಮಿಂದ ನೀರು ಆ ದೇವರ ಮೇಲೆ ಇಳಿಯೋಕೆ ಬಿಡ್ಲಾ? ಬಚ್ಚಲಲ್ಲ, ಅರಮನೆ ಕಟ್ಸಿದ್ರೂ ನಾನು ಕಳಿಸಲ್ಲ."

ನಾನು ಎದ್ದೆ. ಮಗಳು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳ್ಳೆಯ ಹುಡುಗಿ, ಗೇಟಿನ ತನಕ ಬಂದು ಬೀಳ್ಕೊಟ್ಟಳು.

"ಬಿಸಿಲಲ್ಲಿ ಇಷ್ಟು ದೂರ ಬಂದ್ರಲ್ಲ ಆಂಟಿ," ಎಂದಳು. "ಬರದೇ ಇದ್ದಿದ್ರೆ ಚೆನ್ನಾಗಿತ್ತು."

೬. ಎರಡು ಕಾಗದ

ಕೆಳಗೆ ದೇವಸ್ಥಾನ ಇಲ್ಲ ಎಂದು ರುಜುವಾತಾದರೆ ಎಲ್ಲ ಬಗೆಹರಿಯುತ್ತದೆ ಎಂದು ಹೋಗಿ ಅಧಿಕಾರಿಯ ಬೆನ್ನು ಹತ್ತಿದೆ. ಅವರು ಒಪ್ಪಿ, ನಾಲ್ಕು ಆಳು ತಂದು ಹಿತ್ತಲು ಅಗೆಸಿದರು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಕಲ್ಲು ಹಾಸಿದ ಒಂದು ಚೌಕ ಎದ್ದಿತು. ಸುತ್ತ ಗಿಡ್ಡ ಗೋಡೆ, ಗಾರೆ ಬಳಿದ ಒಂದು ಮೂಲೆತೊಟ್ಟಿ, ನೀರು ಹರಿದುಹೋಗಲು ಓರೆಯಾದ ಮೋರಿ. ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಳ್ಳಿ ಕೆತ್ತಿದ ಚೂರು.

"ದೇವಾಲಯವಲ್ಲ," ಎಂದರು ಅಧಿಕಾರಿ. ನಾನು ಉಸಿರುಬಿಟ್ಟೆ. "ಬಹುಶಃ ಪ್ರಾಚೀನ ಸ್ನಾನಗೃಹ."

ಅವರು ಜೀಪು ಹತ್ತಿ ಹೋದರು. ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡರು.

"ಅದು ನಮ್ಮಪ್ಪ ಕಟ್ಟಿದ್ದು," ಎಂದರು.

ಮನೆಯೊಡತಿ ಗಂಡನನ್ನು ನೋಡಿದಳು. ನಾನೂ ನೋಡಿದೆ.

"ಗಾರೆ ನಾನೇ ಕಲಸಿ ಕೊಟ್ಟಿದ್ದು. ಕಟ್ಟಿದ ಮಾರನೇ ವರ್ಷ ಕೆರೆ ಕೋಡಿ ಬಿದ್ದು ಹಿತ್ತಲೆಲ್ಲ ಮಣ್ಣು ತುಂಬ್ಕೊಂತು. ಅಪ್ಪ ಮೇಲೊಂದು ಕಲ್ಲು ಹಾಕಿ ಬಿಟ್ರು. ಇವಳಿನ್ನೂ ನಮ್ಮನೆಗೆ ಬಂದಿರ್ಲಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವೆಲ್ಲ ಮಾತಾಡ್ತಿದ್ರಿ."

ನನಗೆ ರೋಮಾಂಚನವಾಯಿತು. ಗುಮಾಸ್ತರು ಕೇಳಿದ್ದ ಹಳೆಯ ಬಚ್ಚಲು ಇಲ್ಲಿದೆ, ನಿಜವಾಗಿಯೂ ಇದೆ. ದೇವಸ್ಥಾನವೂ ಅಲ್ಲ, ಪ್ರಾಚೀನವೂ ಅಲ್ಲ. ಗೆರೆ ಅಳಿಸಬೇಕು, ರಿಪೇರಿಗೆ ಅನುಮತಿ ಕೊಡಬೇಕು. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾದ ಅರ್ಜಿ ಬರೆದಿರಲಿಲ್ಲ. ಮೇಸ್ತ್ರಿಯ ಅಪ್ಪನ ಹೆಸರು, ಸುಣ್ಣ ಸುಟ್ಟ ಗೂಡು, ಕಲ್ಲು ಆಯ್ದು ತಂದ ಜಾಗ, ಎಲ್ಲ ಕೇಳಿ ಕೇಳಿ ಬರೆದು ಮೇಸ್ತ್ರಿಯ ಸಹಿ ಹಾಕಿಸಿದೆ.

ಉತ್ತರ ಎರಡು ಬಂದವು, ಒಂದೇ ಟಪಾಲಿನಲ್ಲಿ. ಮೊದಲನೆಯದರಲ್ಲಿ, ಸದರಿ ಬಚ್ಚಲನ್ನು ನಿಮ್ಮ ತಂದೆಯವರು ಸ್ಮಾರಕದ ಪರಿಸರದಲ್ಲಿ ಅನುಮತಿಯಿಲ್ಲದೆ ಕಟ್ಟಿರುವುದನ್ನು ನೀವೇ ಒಪ್ಪಿಕೊಂಡಿರುವುದರಿಂದ, ಹದಿನೈದು ದಿನದೊಳಗೆ ಕಿತ್ತು ತೆರವು ಮಾಡತಕ್ಕದ್ದು ಎಂದಿತ್ತು. ಎರಡನೆಯದರಲ್ಲಿ, ಸದರಿ ಬಚ್ಚಲಿನ ಗೋಡೆಯಲ್ಲಿ ಪುರಾತನ ಶಿಲ್ಪದ ತುಣುಕುಗಳಿರುವುದರಿಂದ ಅದರ ಒಂದು ಕಲ್ಲನ್ನೂ ಮುಟ್ಟತಕ್ಕದ್ದಲ್ಲ ಎಂದಿತ್ತು.

ಮೇಸ್ತ್ರಿ ಎರಡನ್ನೂ ನಿಧಾನವಾಗಿ ಓದಿದರು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು.

"ಸಹಿ ಒಬ್ಬರದೇ," ಎಂದರು.

೭. ರಾಣಿ

ಮಗಳಿಗೆ ಎಂಟು ತುಂಬಿತು. ಮನೆಯೊಡತಿ ಅಟ್ಟದ ತುಪ್ಪದ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಮೂಸಿ ನೋಡಿ, ಮತ್ತೆ ಅಟ್ಟಕ್ಕಿಟ್ಟಳು. ಆಕೆ ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಬೈಯಲಿಲ್ಲವಾದ್ದರಿಂದ ಮತ್ತೆ ಅರಸೀಕೆರೆ ಬಸ್ಸು ಹತ್ತಿದೆ.

ಸತ್ಯ ಅಷ್ಟು ಸಲ ಕೈಕೊಟ್ಟಿತ್ತು. ಈ ಸಲ ಸುಳ್ಳಿಗೆ ಒಂದು ಅವಕಾಶ ಕೊಡೋಣ ಅಂದುಕೊಂಡೆ. ಗುಂಪುಗಳಿಗೆ ಹೇಳಿ ಹೇಳಿ ಅಭ್ಯಾಸವೂ ಇತ್ತು.

"ಅದು ದೇವಸ್ಥಾನ ಅಲ್ಲವಂತೆ ಕಣ್ರೀ," ಎಂದೆ ಬೀಗಿತ್ತಿಗೆ. "ಅಗೆದು ನೋಡಿದ್ರು. ರಾಣಿ ಬಚ್ಚಲು. ರಾಣಿ ಬಾಣಂತನ ಮಾಡಿಸ್ಕೊಂಡಿದ್ದೇ ಅಲ್ಲಿ."

"ಯಾವ ರಾಣಿ?"

"ಹೆಸರು ಅಳಿಸಿಹೋಗಿದೆ."

ಬೀಗಿತ್ತಿ ಕೆನ್ನೆಯ ಮೇಲೆ ಬೆರಳಿಟ್ಟು ಕೂತರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸುವ ಜಾಗ ನನಗೆ ಯಾವತ್ತೂ ಗೊತ್ತಾಗಿಲ್ಲ.

"ಆ ಬಚ್ಚಲಲ್ಲಿ ಮಿಂದಿದ್ದಕ್ಕೆ ಹೆರಿಗೆ ಹೂವೆತ್ತಿದ ಹಾಗೆ ಆಯ್ತಂತೆ."

ನಾಲ್ಕನೆಯ ದಿನ ಬೀಗಿತ್ತಿ ಸೊಸೆಯನ್ನು ತಾವೇ ಕರೆತಂದರು. ಮನೆಯೊಡತಿ ಹೊಸ್ತಿಲಲ್ಲಿ ಆರತಿ ಎತ್ತಿದಳು, ಕಣ್ಣು ಒರೆಸಿಕೊಂಡಳು, ನನ್ನ ಕೈ ಹಿಡಿದು ಒಂದು ಸಲ ಅದುಮಿದಳು. ಆ ಮೂರು ತಿಂಗಳಲ್ಲಿ ನಾನು ಏನಾದರೂ ನೆಟ್ಟಗೆ ಮಾಡಿದೆ ಅನ್ನಿಸಿದ್ದು ಅದೊಂದು ದಿನ.

ಗುಂಡಿಯ ಸುತ್ತ ಹೊಸ ತಡಿಕೆ ಕಟ್ಟಿದರು. ಮೋರಿ ಇನ್ನೂ ಚೆನ್ನಾಗಿತ್ತು, ನೀರು ಸರಾಗವಾಗಿ ಹರಿಯಿತು. ಕಾವಲುಗಾರನನ್ನು ಕೇಳಿದ್ದಕ್ಕೆ ಆತ ಎರಡನೆಯ ಕಾಗದವನ್ನು ಓದಿಸಿಕೊಂಡು ತೀರ್ಪು ಕೊಟ್ಟ. "ಕಲ್ಲು ಮುಟ್ಟಬೇಡಿ ಅಂತ ಐತೆ. ನೀರು ಹುಯ್ಯಬೇಡಿ ಅಂತ ಎಲ್ಲೈತೆ?"

ಆದರೆ ಅರಸೀಕೆರೆಯಿಂದ ಬರುವಾಗ ಬಸ್ಸಿನಲ್ಲಿ ಬೀಗಿತ್ತಿ ಸುಮ್ಮನೆ ಕೂತಿರಲಿಲ್ಲ. ಆ ಶುಕ್ರವಾರ ಮೂರು ಜನ ಬಸುರಿ ಹೆಂಗಸರು ಅತ್ತೆಯರ ಜೊತೆ ಬಂದು ಜಗಲಿಯ ಮೇಲೆ ಕೂತರು. ಒಂದೇ ಒಂದು ಚೆಂಬು ನೀರು, ರಾಣಿ ಬಚ್ಚಲಲ್ಲಿ. ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆಂದು ಕಳಿಸುವುದುಂಟೇ? ಅದೂ ಮನೆಯಲ್ಲೇ ಒಬ್ಬ ತುಂಬು ಬಸುರಿ ಇರುವಾಗ? ಮನೆಯೊಡತಿ ಒಲೆ ಹಚ್ಚಿದಳು. ಮುಂದಿನ ವಾರ ಹನ್ನೆರಡು ಜನ. ಆಮೇಲೆ ದಿನವೂ. ಬಾಣಾವರದಿಂದ, ಜಾವಗಲ್ಲಿನಿಂದ, ಒಂದು ದಿನ ಕಡೂರಿನಿಂದ ಮೆಟಡೋರ್ ಮಾಡಿಕೊಂಡು. ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆಯೂ ತನ್ನ ಸೊಸೆಗೆ ಮೂರು ತಿಂಗಳು ಎಂದು ಮಾತಿಗೆ ಬಂದಳು. ಕಾವಲುಗಾರ ಕುರ್ಚಿಯಿಂದ ಎದ್ದು ಸಾಲು ನೋಡಿಕೊಳ್ಳತೊಡಗಿದ.

ನಾನು ಹೋಗಿ ಜಗಲಿಯ ಮೇಲೆ ನಿಂತು ನಿಜ ಹೇಳಿದೆ. "ರಾಣಿ ಗೀಣಿ ಯಾರೂ ಇಲ್ಲ. ಅದನ್ನ ಕಟ್ಟಿದ್ದು ಈ ಮೇಸ್ತ್ರಿ ಅವರ ತಂದೆ. ಕಥೆ ಕಟ್ಟಿದ್ದು ನಾನು."

ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಮಕ್ಕಳಿದ್ದಾವೇನಮ್ಮಾ ನಿಂಗೆ?"

"ಇಲ್ಲ."

"ಮತ್ತೆ ನಿಂಗೆ ಹೆಂಗೆ ಗೊತ್ತಾಗ್ತದೆ. ಅತ್ತ ಸರಿ."

ಅಟ್ಟದ ತುಪ್ಪ ಬಂದವರಿಗೆಲ್ಲ ತಂಬಿಟ್ಟು ಕಟ್ಟಿ ಕೊಡುವುದರಲ್ಲಿ ಕರಗಿತು. ಬಸುರಿಯರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲವಲ್ಲ. ಹಂಡೆ ಬೆಳಗಿನಿಂದ ಸಂಜೆಯವರೆಗೆ ಒಲೆಯಿಂದ ಇಳಿಯಲಿಲ್ಲ, ಮಸಿ ಹಿಡಿದು ಯಾರದೋ ಹಂಡೆಯ ಹಾಗಾಯಿತು. ಮಗಳು ಒಳಗೆ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ತಾಯಿ ಸೀರೆ ಎತ್ತಿ ಕಟ್ಟಿಕೊಂಡು, ಕಂಡವರ ಮಕ್ಕಳ ತಲೆಗೆ ಎಣ್ಣೆ ಒತ್ತುತ್ತಿದ್ದಳು.

ನೋವು ಬಂದ ದಿನ ಹಾಲಿನ ವ್ಯಾನಿನಲ್ಲಿ ಬೇಲೂರಿನ ಆಸ್ಪತ್ರೆಗೆ ಕರೆದೊಯ್ದೆವು. ಹೂವೆತ್ತಿದ ಹಾಗೆ ಆಗಲಿಲ್ಲ. ಹದಿನಾಲ್ಕು ಗಂಟೆ ಹಿಡಿಯಿತು. ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದರು. "ಆ ಬಚ್ಚಲಲ್ಲಿ ಮೀಯದೆ ಇದ್ದಿದ್ರೆ ಇಪ್ಪತ್ತೆಂಟು ಗಂಟೆ ಆಗ್ತಿತ್ತು," ಎಂದರು ಬೀಗಿತ್ತಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅಲ್ಲಿ ಕೂತಿದ್ದವರೆಲ್ಲ ವಿಳಾಸ ಕೇಳಿಕೊಂಡರು.

ಐದನೆಯ ದಿನ ಬಾಣಂತಿಯ ಮೊದಲ ಎಣ್ಣೆನೀರು. ಇದಕ್ಕಾಗಿಯೇ ಇಷ್ಟೆಲ್ಲ ಆದದ್ದು. ನಾನು ಮಗುವನ್ನು ಎತ್ತಿಕೊಂಡೆ, ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಸಾಲು ತಡಿಕೆಯಿಂದ ಬೇಲಿಯವರೆಗೆ, ಬೇಲಿಯಿಂದ ಕೆರೆಯ ದಾರಿಯವರೆಗೆ ಇತ್ತು. ಒಬ್ಬಳು ದಪ್ಪ ಹೆಂಗಸು ಕೈ ಅಡ್ಡ ಹಾಕಿದಳು.

"ಏನಮ್ಮಾ, ನಡುವೆ ನುಗ್ತೀಯ? ನಾವೇನು ಬೆಳಗಿಂದ ಸುಮ್ಕೆ ನಿಂತಿದ್ದೀವಾ?"

"ಹೆತ್ತು ಆಗೈತಲ್ಲ ಇವಳಿಗೆ. ಇನ್ಯಾಕೆ ಬೇಕು?" ಎಂದಳು ಅವಳ ಹಿಂದಿನವಳು.

ಕಾವಲುಗಾರನೂ ನ್ಯಾಯವಾಗಿಯೇ ನಡೆದುಕೊಂಡ. "ಸಾಲಂದ್ರೆ ಸಾಲು ಕಣವ್ವ. ಹಿಂದಕ್ಕೆ ಬಾ."

ತಡಿಕೆಯ ಮೇಲಿಂದ ಹೊಗೆಯಲ್ಲಿ ಮನೆಯೊಡತಿಯ ಮುಖ ಎದ್ದಿತು. ಮೈಯೆಲ್ಲ ಮಸಿ, ಕೈಯಲ್ಲಿ ಚೆಂಬು. ಮಗಳನ್ನು ನೋಡಿದಳು, ಹಂಡೆಯೊಳಕ್ಕೆ ನೋಡಿದಳು, ಸಾಲಿನ ಆ ಕೊನೆಯವರೆಗೆ ಒಮ್ಮೆ ಕಣ್ಣು ಹಾಯಿಸಿದಳು.

"ನಿಮ್ಮ ಕಾಲಿಗೆ ಬೀಳ್ತೀನಿ ಕಣ್ರವ್ವಾ," ಎಂದಳು ಅವರಿಗೆ. "ನನ್ನ ಮಗಳಿಗೂ ಒಂದು ಚೆಂಬು ಬಿಸಿನೀರು ಉಳಿಸ್ರೇ."